ಹೆಪ್ಪು ಹುಡುಕಿದವರು: ಆರ್ಥರ್ ಕಾರ್ನ್‌ಬರ್ಗ್

ಎಂಜಿನಿಯರಿಂಗ್ ಓದುವ ನಮಗೆಲ್ಲ ಒಂದು ವಿಷಯ ಚೆನ್ನಾಗಿ ಗೊತ್ತು. ಓಡ್ತಿರೋ ಯಂತ್ರವನ್ನ ಓಡಿಸೋದು ದೊಡ್ಡದಲ್ಲ, ನಿಂತದ್ದನ್ನ ಶುರು ಮಾಡೋದೇ ಕಷ್ಟ. ಹಳೇ ಬೈಕಿಗೆ ಕಿಕ್ ಹೊಡೀಬೇಕು, ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ತಿರುಗಿಸಬೇಕು, ಕಂಪ್ಯೂಟರಿಗೆ ಬೂಟ್ ಲೋಡರ್ ಬೇಕು. ಮನೆಗೆ ಬಂದರೆ ಇನ್ನೂ ಸರಳ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕದಿದ್ದರೆ ಬೆಳಗ್ಗೆ ಗಟ್ಟಿ ಮೊಸರು ಸಿಗೋದಿಲ್ಲ.

ನಮ್ಮ ಮೈಯೊಳಗೂ ಇದೇ ಕಥೆ. ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯ ನಕಲು ತೆಗೆದುಕೊಳ್ಳಬೇಕು. ನಕಲು ಮಾಡುವ ಕಿಣ್ವ ಒಂದಿದೆ, ಅದರ ಹೆಸರು ಡಿಎನ್‌ಎ ಪಾಲಿಮರೇಸ್. ಅದು ಸರಸರ ಕೆಲಸ ಮಾಡುತ್ತೆ, ತಪ್ಪಾದರೆ ಹಿಂದಕ್ಕೆ ಬಂದು ತಿದ್ದುತ್ತೆ. ಆದರೆ ಶುರು ಮಾಡೋಕೆ ಅದಕ್ಕೆ ಬರೋದಿಲ್ಲ! ಈ ಕಿಣ್ವವನ್ನು ಕಂಡುಹಿಡಿದು ನೊಬೆಲ್ ಪಡೆದವರು ಆರ್ಥರ್ ಕಾರ್ನ್‌ಬರ್ಗ್. ನೊಬೆಲ್ ಬಂದು ಹತ್ತು ವರ್ಷವಾದ ಮೇಲೆ, ತಮ್ಮ ಕಿಣ್ವ ಅಸಲಿ ನಕಲು ಯಂತ್ರವೇ ಅಲ್ಲ ಎಂಬ ಮಾತನ್ನು ಅವರು ಕೇಳಬೇಕಾಯಿತು. ಆಮೇಲೆ ಅವರು ಏನು ಮಾಡಿದರು ಅನ್ನೋದೇ ಈ ಲೇಖನದ ಜೀವ. ಅವರಿಗೆ ದಾರಿ ತೋರಿಸಿದ್ದು ಎರಡು ಪುಟಾಣಿ ವೈರಸ್‌ಗಳು.

ಹಾರ್ಡ್‌ವೇರ್ ಅಂಗಡಿಯ ಹುಡುಗ

ಆರ್ಥರ್ ಹುಟ್ಟಿದ್ದು 1918ರ ಮಾರ್ಚ್ 3ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಜೋಸೆಫ್, ತಾಯಿ ಲೀನಾ. ಇಬ್ಬರೂ ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿದ್ದ ಗಲೀಷಿಯಾದಿಂದ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಬಂದ ಯಹೂದಿಗಳು. ತಂದೆಗೆ ಶಾಲೆಯ ಓದು ಹೆಚ್ಚಿರಲಿಲ್ಲ, ಆದರೆ ಆರು ಭಾಷೆ ಬರುತ್ತಿದ್ದವು. ಸುಮಾರು ಮೂವತ್ತು ವರ್ಷ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ತುಳಿದರು. ಆರೋಗ್ಯ ಕೆಟ್ಟಾಗ ಬ್ರೂಕ್ಲಿನ್‌ನಲ್ಲೇ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇಟ್ಟರು. ಒಂಬತ್ತು ವರ್ಷದ ಆರ್ಥರ್ ಅಲ್ಲಿ ಗಿರಾಕಿಗಳಿಗೆ ಮೊಳೆ, ಬಣ್ಣ ಕೊಡ್ತಾ ಬೆಳೆದ.

ಫೀಸು ಇಲ್ಲದ ನ್ಯೂಯಾರ್ಕ್ ಸಿಟಿ ಕಾಲೇಜಿನಲ್ಲಿ ಓದಿ 1937ರಲ್ಲಿ, 19ನೇ ವಯಸ್ಸಿಗೆ ಪದವಿ ಮುಗಿಸಿದರು. ಓದುವಾಗ ಸಂಜೆ ಮತ್ತು ರಜೆಯಲ್ಲಿ ಗಂಡಸರ ಬಟ್ಟೆ ಅಂಗಡಿಯಲ್ಲಿ ಮಾರಾಟದ ಕೆಲಸ. ಆ ಉಳಿತಾಯವೇ ಮುಂದೆ ವೈದ್ಯಕೀಯ ಓದಿಗೆ ಕೈಹಿಡಿಯಿತು. ಯಹೂದಿ ಹುಡುಗರಿಗೆ ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ಸೀಟು ಸಿಗೋದು ಆಗ ಬಹಳ ಕಷ್ಟವಿತ್ತು. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿ, 1941ರಲ್ಲಿ ಎಂ.ಡಿ. ಆದರು.

ಅವರು ಸಂಶೋಧನೆಗೆ ಬಂದ ಬಗೆ ಸ್ವಾರಸ್ಯವಾಗಿದೆ. ಓದುವಾಗ ಅವರ ಕಣ್ಣು ಸ್ವಲ್ಪ ಹಳದಿಯಾಗಿ ಕಾಣ್ತಿತ್ತು. ನನಗೊಬ್ಬನಿಗೇ ಹೀಗಾ, ಬೇರೆಯವರಿಗೂ ಇದೆಯಾ ಎಂಬ ಕುತೂಹಲದಿಂದ ಸಹಪಾಠಿಗಳ ಮತ್ತು ರೋಗಿಗಳ ರಕ್ತ ಪರೀಕ್ಷೆ ಮಾಡಿ ಒಂದು ಪ್ರಬಂಧ ಬರೆದರು. 1942ರಲ್ಲಿ ಅದು ಪ್ರಕಟವಾದಾಗ ಅವರು ಯುದ್ಧಕಾಲದ ಸೇವೆಯಲ್ಲಿ ಕೆರಿಬಿಯನ್ ಸಮುದ್ರದ ಹಡಗೊಂದರಲ್ಲಿ ವೈದ್ಯರು. ಪ್ರಬಂಧ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮುಖ್ಯಸ್ಥರ ಕಣ್ಣಿಗೆ ಬಿತ್ತು. ಅವರು ಈ ಯುವಕನನ್ನು ಹಡಗಿನಿಂದ ಪ್ರಯೋಗಾಲಯಕ್ಕೆ ಕರೆಸಿಕೊಂಡರು. ಮರುವರ್ಷ ಸಿಲ್ವಿ ರೂತ್ ಲೆವಿ ಅವರ ಜೊತೆ ಮದುವೆ. ಸಿಲ್ವಿ ಸ್ವತಃ ಜೀವರಸಾಯನ ವಿಜ್ಞಾನಿ, ಮುಂದೆ ಗಂಡನ ಪ್ರಯೋಗಾಲಯದಲ್ಲೇ ಕೆಲಸ ಮಾಡಿದರು.

ಹತ್ತು ಲಕ್ಷಕ್ಕೆ ಐವತ್ತು

ಮೊದಲ ಮೂರು ವರ್ಷ ಇಲಿಗಳಿಗೆ ಬೇರೆ ಬೇರೆ ಆಹಾರ ಕೊಟ್ಟು ವಿಟಮಿನ್ ಕೊರತೆ ನೋಡುವ ಕೆಲಸ. ಆದರೆ ವಿಟಮಿನ್ ಯುಗ ಮುಗೀತಾ ಬಂದಿತ್ತು. ವಿಟಮಿನ್ ಒಳಗೆ ಹೋಗಿ ಏನು ಮಾಡುತ್ತೆ ಅಂತ ಹುಡುಕಿದರೆ ಕೊನೆಗೆ ಸಿಗೋದು ಕಿಣ್ವ. ಹಾಗಾಗಿ ಕಿಣ್ವ ಕಲಿಯೋಕೆ ಹೊರಟರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಸೆವೆರೊ ಒಚೋವಾ ಅವರ ಹತ್ತಿರ, 1947ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳ ಹತ್ತಿರ. ಆಮೇಲೆ ಆಲೂಗಡ್ಡೆ ಅರೆದು ಒಂದು ಕಿಣ್ವ, ಯೀಸ್ಟ್ ಒಡೆದು ಇನ್ನೊಂದು. ಕೋಶವನ್ನು ಒಡೆದು, ರಸವನ್ನು ಹಂತಹಂತವಾಗಿ ಸೋಸಿ, ಕೆಲಸ ಮಾಡುವ ಒಂದೇ ಪ್ರೋಟೀನನ್ನು ಶುದ್ಧವಾಗಿ ಕೈಗೆ ತಗೊಳ್ಳೋದು ಅವರ ಜೀವಮಾನದ ವಿಧಾನ. ನಾವು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಒಂದೊಂದೇ ಭಾಗ ಹೊರಗಿಟ್ಟು, ಮತ್ತೆ ಜೋಡಿಸಿ ಓಡುತ್ತಾ ಅಂತ ನೋಡ್ತೀವಲ್ಲ, ಹಂಗೇ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಎಳೆಯ ರಚನೆ ಪ್ರಕಟಿಸಿದರು. ಅದೇ ವರ್ಷ ಕಾರ್ನ್‌ಬರ್ಗ್ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೂಕ್ಷ್ಮಜೀವಿ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದರು. ಎಳೆ ಬಿಚ್ಚಿಕೊಂಡರೆ ಒಂದೊಂದೂ ಇನ್ನೊಂದಕ್ಕೆ ಅಚ್ಚಾಗಬಹುದು ಅಂತ ರಚನೆ ನೋಡಿದರೇ ತಿಳೀತಿತ್ತು. ಆದರೆ ಅಚ್ಚು ಹೊಡೆಯುವ ಯಂತ್ರ ಯಾವುದು?

1955ರ ಕೊನೆಯಲ್ಲಿ ಅವರು ಇ. ಕೊಲೈ ಬ್ಯಾಕ್ಟೀರಿಯಾವನ್ನು ಒಡೆದು ತೆಗೆದ ರಸಕ್ಕೆ ವಿಕಿರಣ ಗುರುತು ಹಾಕಿದ ಥೈಮಿಡಿನ್ ಸೇರಿಸಿದರು. ಡಿಎನ್‌ಎಗೆ ಸೇರಿಕೊಂಡದ್ದು ಎಷ್ಟು ಗೊತ್ತಾ? ಹತ್ತು ಲಕ್ಷ ಎಣಿಕೆಯಲ್ಲಿ ಐವತ್ತರಷ್ಟು. ಬೇರೆ ಯಾರಾದರೂ ಆಗಿದ್ದರೆ ಉಪಕರಣದ ಗದ್ದಲ ಅಂತ ಬಿಟ್ಟುಬಿಡಬಹುದಿತ್ತು. ಕಾರ್ನ್‌ಬರ್ಗ್ ಬಿಡಲಿಲ್ಲ. ಆ ಐವತ್ತರ ಬೆನ್ನು ಹತ್ತಿ, ರಾಬರ್ಟ್ ಲೇಮನ್, ಮಾರಿಸ್ ಬೆಸ್‌ಮನ್, ಅರ್ನೆಸ್ಟ್ ಸಿಮ್ಸ್ ಮೊದಲಾದವರ ಜೊತೆ 1956ರಲ್ಲಿ ಡಿಎನ್‌ಎ ಪಾಲಿಮರೇಸ್ ಹಿಡಿದರು. ಅದಕ್ಕೆ ಬೇಕಾದದ್ದು ನಾಲ್ಕು ಬಗೆಯ ನ್ಯೂಕ್ಲಿಯೋಟೈಡ್, ಮೆಗ್ನೀಷಿಯಮ್ ಮತ್ತು ಮೊದಲೇ ಇರುವ ಒಂದಿಷ್ಟು ಡಿಎನ್‌ಎ.

1957ರಲ್ಲಿ ಈ ಬಗ್ಗೆ ಎರಡು ಪ್ರಬಂಧ ಕಳಿಸಿದಾಗ ಪತ್ರಿಕೆ ಒಪ್ಪಲಿಲ್ಲ. ತಯಾರಾದ ವಸ್ತುವನ್ನು ಡಿಎನ್‌ಎ ಅಂತ ಕರೆಯೋಕೇ ಪರಿಶೀಲಕರು ತಕರಾರು ತೆಗೆದರು. ಸಂಪಾದಕರು ಬದಲಾದ ಮೇಲೆ 1958ರಲ್ಲಿ ಅವೇ ಪ್ರಬಂಧಗಳು ಅಚ್ಚಾದವು. 1959ರಲ್ಲಿ ಅವರು ಸ್ಟ್ಯಾನ್‌ಫರ್ಡ್‌ಗೆ ಹೋದರು, ತಮ್ಮ ಜೊತೆಗಿದ್ದ ಹೆಚ್ಚುಕಮ್ಮಿ ಇಡೀ ವಿಭಾಗವನ್ನೇ ಕರೆದುಕೊಂಡು! ಅದೇ ವರ್ಷ ಒಚೋವಾ ಅವರ ಜೊತೆ ನೊಬೆಲ್ ಬಂತು. ಆಗ ವಯಸ್ಸು 41.

ಗುಮ್ಮಟದ ಮೊದಲ ಸುತ್ತು

ಈಗ ಸ್ವಲ್ಪ ಯಂತ್ರದ ಒಳಗೆ ನೋಡೋಣ. ಪಾಲಿಮರೇಸ್ ಒಂದು ಹಳೇ ಎಳೆಯನ್ನು ಓದಿ, ಎ ಎದುರಿಗೆ ಟಿ, ಜಿ ಎದುರಿಗೆ ಸಿ ಎಂದು ಹೊಸ ಎಳೆ ಹೆಣೆಯುತ್ತೆ. ಆದರೆ ಪ್ರತಿ ಹೊಸ ಅಕ್ಷರವನ್ನೂ ಮೊದಲೇ ಇರುವ ಒಂದು ತುದಿಗೆ ಮಾತ್ರ ಅಂಟಿಸಬಲ್ಲದು. ತುದಿಯೇ ಇಲ್ಲದಿದ್ದರೆ ಅದರ ಕೆಲಸ ಬಂದ್.

ಬೀದರ್, ಭಾಲ್ಕಿ, ಔರಾದ್ ಕಡೆಯ ನಮಗೆ ಇದನ್ನ ಅರ್ಥ ಮಾಡಿಕೊಳ್ಳೋಕೆ ಅಷ್ಟೂರು ಸಾಕು. ಅಲ್ಲಿ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳನ್ನು ನೋಡ್ರಿ. ಗುಮ್ಮಟದ ಪ್ರತಿ ಸುತ್ತೂ ಕೆಳಗಿನ ಸುತ್ತಿನ ಮೇಲೆ ಕೂತಿದೆ. ಎಷ್ಟೇ ಕುಶಲ ಗೌಂಡಿಯಾದರೂ ಗಾಳಿಯಲ್ಲಿ ಕಲ್ಲಿಡೋಕಾಗಲ್ಲ, ಮೊದಲ ಸುತ್ತನ್ನು ಹೊರಲು ಕೆಳಗೆ ಬೇರೆ ಒಂದು ಕಟ್ಟಡ ಬೇಕೇ ಬೇಕು. ಪಾಲಿಮರೇಸ್ ಎಂಬ ಗೌಂಡಿಯ ಪಾಡೂ ಅದೇ. ಹಾಗಾದರೆ ಮೊದಲ ಕಲ್ಲು ಇಡೋರು ಯಾರು?

1967ರಲ್ಲಿ ಈ ಪ್ರಶ್ನೆ ಮರೆತೇಹೋಗುವಂಥ ಸಂಭ್ರಮ ಆಯಿತು. ಫೈ-ಎಕ್ಸ್ 174 ಅಂತ ಒಂದು ವೈರಸ್ ಇದೆ. ಇ. ಕೊಲೈ ಬ್ಯಾಕ್ಟೀರಿಯಾವೇ ಅದರ ಬೇಟೆ. ಅದರ ಇಡೀ ಡಿಎನ್‌ಎ 5,386 ಅಕ್ಷರಗಳ ಒಂಟಿ ಎಳೆಯ ಉಂಗುರ, ಅಷ್ಟೇ. ಕಾರ್ನ್‌ಬರ್ಗ್, ಮೆಹ್ರಾನ್ ಗೂಲಿಯನ್ ಮತ್ತು ರಾಬರ್ಟ್ ಸಿನ್‌ಶೈಮರ್ ಸೇರಿ ಆ ಡಿಎನ್‌ಎಯನ್ನು ಪ್ರನಾಳದಲ್ಲಿ ನಕಲು ಮಾಡಿದರು. ನಕಲಾದ ಡಿಎನ್‌ಎಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ನಿಜವಾದ ವೈರಸ್‌ಗಳು ಹುಟ್ಟಿದವು! ಅಧ್ಯಕ್ಷ ಲಿಂಡನ್ ಜಾನ್ಸನ್ ಅದನ್ನು ಕೊಂಡಾಡಿದರು, ಪತ್ರಿಕೆಗಳು ಪ್ರಯೋಗಾಲಯದಲ್ಲಿ ಜೀವ ಸೃಷ್ಟಿ ಆಯಿತು ಅನ್ನುವ ಮಟ್ಟಕ್ಕೆ ಹೋದವು.

ಖರೆ ಹೇಳಬೇಕಂದ್ರೆ ಆ ಪ್ರಯೋಗದಲ್ಲೂ ಒಂದು ಹೆಪ್ಪು ಬಿದ್ದಿತ್ತು. ಮಿಶ್ರಣಕ್ಕೆ ಕುದಿಸಿದ ಇ. ಕೊಲೈ ರಸ ಸ್ವಲ್ಪ ಹಾಕಿದ್ದರು. ಅದರಲ್ಲಿದ್ದ ಡಿಎನ್‌ಎ ಚೂರುಗಳು ಉಂಗುರಕ್ಕೆ ಅಂಟಿಕೊಂಡು ಮೊದಲ ಕಲ್ಲಿನ ಕೆಲಸ ಮಾಡಿದ್ದವು. ಬ್ಯಾಕ್ಟೀರಿಯಾದ ಒಳಗೆ ಯಾರೂ ಕುದಿಸಿದ ರಸ ಹಾಕೋದಿಲ್ಲ. ಅಲ್ಲಿ ಶುರು ಆಗೋದು ಹೇಗೆ ಅನ್ನೋ ಪ್ರಶ್ನೆ ಹಾಗೇ ಉಳಿಯಿತು.

ಒಡೆದದ್ದು ಕಲಿಸಿದ ಪಾಠ

ಅಷ್ಟೂರಿನಲ್ಲೇ ಹುಮಾಯೂನ್ ಷಾನ ಗೋರಿ ಇದೆ. ಸಿಡಿಲು ಬಡಿದು ಅದರ ಗುಮ್ಮಟ ಅರ್ಧ ಬಿದ್ದುಹೋಗಿದೆ. ಸಿವಿಲ್ ವಿಭಾಗದವರಿಗೆ ಪೂರ್ತಿ ಗುಮ್ಮಟಗಳಿಗಿಂತ ಅದೇ ಹೆಚ್ಚು ಹೇಳಿಕೊಡುತ್ತೆ, ಯಾಕಂದ್ರೆ ಗಾರೆಯ ಹಿಂದಿನ ಕಟ್ಟಡ ಅಲ್ಲಿ ಕಣ್ಣಿಗೆ ಕಾಣುತ್ತೆ. ಜೀವಶಾಸ್ತ್ರದಲ್ಲೂ ಒಡೆದದ್ದನ್ನು ನೋಡಿ ಕಲಿಯುವ ಕ್ರಮ ಇದೆ. ಬ್ಯಾಕ್ಟೀರಿಯಾದ ಒಂದು ಜೀನ್ ಕೆಡಿಸಿ, ಆಮೇಲೆ ಏನು ನಿಲ್ಲುತ್ತೆ ಅಂತ ನೋಡೋದು.

1969ರಲ್ಲಿ ಜಾನ್ ಕೇರ್ನ್ಸ್ ಮತ್ತು ಪೌಲಾ ಡಿ ಲೂಸಿಯಾ ಇದನ್ನೇ ಮಾಡಿದರು. ಸಾವಿರಾರು ಇ. ಕೊಲೈ ತಳಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕಾರ್ನ್‌ಬರ್ಗ್ ಪಾಲಿಮರೇಸ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲದ ಒಂದು ತಳಿ ಹುಡುಕಿದರು. ಆ ಕಿಣ್ವವೇ ನಕಲು ಯಂತ್ರವಾಗಿದ್ದರೆ ತಳಿ ಬದುಕಲೇಬಾರದು. ಅದು ಆರಾಮಾಗಿ ಬೆಳೆಯಿತು, ಆರಾಮಾಗಿ ಎರಡಾಯಿತು! ಒಂದೇ ತೊಂದರೆ, ಅತಿನೇರಳೆ ಬೆಳಕು ತಾಗಿ ಡಿಎನ್‌ಎಗೆ ಏಟಾದರೆ ಅದು ಬೇಗ ಸಾಯುತ್ತಿತ್ತು.

ಲೆಕ್ಕವೂ ಕಾರ್ನ್‌ಬರ್ಗ್ ಅವರ ಕಡೆಗಿರಲಿಲ್ಲ. ಇ. ಕೊಲೈ ತನ್ನ 46 ಲಕ್ಷ ಅಕ್ಷರ ಜೋಡಿಗಳನ್ನು ಸುಮಾರು 40 ನಿಮಿಷದಲ್ಲಿ ನಕಲು ಮಾಡುತ್ತೆ. ಅಂದರೆ ನಕಲು ನಡೆಯುವ ಎರಡು ಕಡೆಯಲ್ಲೂ ಸೆಕೆಂಡಿಗೆ ಸಾವಿರದ ಆಸುಪಾಸು. ಕಾರ್ನ್‌ಬರ್ಗ್ ಅವರ ಕಿಣ್ವ ಸೆಕೆಂಡಿಗೆ ಹತ್ತಿಪ್ಪತ್ತು ಅಕ್ಷರ ಸೇರಿಸಿದರೆ ಹೆಚ್ಚು.

ಒಂದು ಹೆಸರಾಂತ ವಿಜ್ಞಾನ ಪತ್ರಿಕೆ ಹೆಸರು ಹಾಕದ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಅವರ ಕೆಲಸವನ್ನು ಚುಚ್ಚಿತು. ಇಷ್ಟು ವರ್ಷ ಎಲ್ಲರನ್ನೂ ದಾರಿ ತಪ್ಪಿಸಿದ ಕಿಣ್ವ ಇದು ಎಂಬ ಧಾಟಿ. ಯೋಚನೆ ಮಾಡ್ರಿ. ನೊಬೆಲ್ ಕೈಯಲ್ಲಿದೆ, ಐವತ್ತು ದಾಟಿದೆ, ಪಠ್ಯಪುಸ್ತಕದಲ್ಲಿ ಹೆಸರಿದೆ. ಆಗ ನೀವು ಹಿಡಿದದ್ದು ಅಸಲಿ ಯಂತ್ರವಲ್ಲ ಅಂತ ಜಗತ್ತು ಹೇಳುತ್ತೆ.

ಈ ಹೊತ್ತಿಗೆ ಅವರ ಎರಡನೇ ಮಗ ಥಾಮಸ್ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಚೆಲ್ಲೋ ಕಲಿಯುತ್ತಿದ್ದರು. ಕೈಗೆ ತೊಂದರೆಯಾಗಿ ವಾದ್ಯ ಬಿಡಬೇಕಾಯಿತು. ಅಪ್ಪನ ಕಿಣ್ವದ ಮೇಲೆ ಟೀಕೆ ಬರುತ್ತಿದ್ದಾಗ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಗೆಫ್ಟರ್ ಅವರ ಪ್ರಯೋಗಾಲಯ ಸೇರಿದರು. ಕೇರ್ನ್ಸ್ ತಳಿಯನ್ನೇ ಒಡೆದು ಹುಡುಕಿ, 1970–71ರಲ್ಲಿ ಗೆಫ್ಟರ್ ಜೊತೆ ಎರಡು ಹೊಸ ಪಾಲಿಮರೇಸ್‌ಗಳನ್ನು ಬೇರ್ಪಡಿಸಿದರು. ಅಪ್ಪ ಹಿಡಿದದ್ದಕ್ಕೆ ಒಂದನೇ ನಂಬರ್, ಮಗನ ಪ್ರಯೋಗದಲ್ಲಿ ಸಿಕ್ಕವಕ್ಕೆ ಎರಡು ಮತ್ತು ಮೂರು. ಅಸಲಿ ನಕಲು ಯಂತ್ರ ಮೂರನೆಯದು. ಅಪ್ಪನ ಅರ್ಧ ಸತ್ಯವನ್ನು ಪೂರ್ತಿ ಮಾಡಿದವರಲ್ಲಿ ಮಗನೂ ಒಬ್ಬ.

ಆದರೆ ಎರಡನೆಯದು, ಮೂರನೆಯದು ಕೂಡ ತಾವಾಗಿ ಶುರು ಮಾಡಲಾರವು. ಹೆಪ್ಪಿನ ಪ್ರಶ್ನೆ ಈಗ ಇನ್ನೂ ದೊಡ್ಡದಾಯಿತು.

ವೈರಸ್ ಎಂಬ ಗೂಢಚಾರ

ಇಲ್ಲಿ ಕಾರ್ನ್‌ಬರ್ಗ್ ವಾದಕ್ಕೆ ಇಳಿಯಲಿಲ್ಲ, ಹಳೇ ವಿಧಾನಕ್ಕೇ ಮರಳಿದರು. ಇ. ಕೊಲೈಯ 46 ಲಕ್ಷ ಅಕ್ಷರದ ಡಿಎನ್‌ಎಯನ್ನು ಕೆಡದಂತೆ ಹೊರತೆಗೆಯೋದೇ ಕಷ್ಟ, ಅದು ಎಲ್ಲಿ ಶುರುವಾಗುತ್ತೆ ಅಂತ ನೋಡೋದು ಇನ್ನೂ ಕಷ್ಟ. ವೈರಸ್ಸಿನದು ಹಾಗಲ್ಲ. ಅದರ ಡಿಎನ್‌ಎ ಪುಟ್ಟದು, ಅದರಲ್ಲಿ ಜೀನ್‌ಗಳು ಹತ್ತು ಹನ್ನೊಂದು ಮಾತ್ರ. ನಕಲಿಗೆ ಬೇಕಾದ ಬಹುಪಾಲು ಸಾಮಾನನ್ನು ಅದು ಆತಿಥೇಯ ಕೋಶದಿಂದಲೇ ಎತ್ತಿಕೊಳ್ಳುತ್ತೆ. ಆದ್ದರಿಂದ ವೈರಸ್ ಕೋಶದೊಳಗೆ ಯಾರ ಯಾರ ಬಾಗಿಲು ತಟ್ಟುತ್ತೆ ಅಂತ ಗಮನಿಸಿದರೆ, ಶುರು ಮಾಡುವ ಪ್ರೋಟೀನ್‌ಗಳ ಪಟ್ಟಿ ಸಿಕ್ಕಂತೆಯೇ. ವೈರಸ್ಸನ್ನೇ ಗೂಢಚಾರ ಮಾಡಿ ಒಳಗೆ ಕಳಿಸಿದರು.

ಮೊದಲನೆಯದು ಎಂ13. ಫೈ-ಎಕ್ಸ್ 174ರ ಹಾಗೆ ಇದರದ್ದೂ ಒಂಟಿ ಎಳೆಯ ಉಂಗುರ. ಒಳಗೆ ಬಂದ ತಕ್ಷಣ ಅದು ಜೋಡಿ ಎಳೆಯಾಗಬೇಕು. 1971ರಲ್ಲಿ ಡಗ್ಲಸ್ ಬ್ರೂಟ್‌ಲಾಗ್ ಮತ್ತು ರ‍್ಯಾಂಡಿ ಶೆಕ್‌ಮನ್ ಎಂಬ ವಿದ್ಯಾರ್ಥಿಗಳ ಜೊತೆ ಕಾರ್ನ್‌ಬರ್ಗ್ ಒಂದು ಸರಳ ಪ್ರಶ್ನೆ ಕೇಳಿದರು. ಆರ್‌ಎನ್‌ಎ ಮಾಡುವ ಕಿಣ್ವಕ್ಕೆ ಶುರು ಮಾಡೋಕೆ ಬರುತ್ತೆ, ಅದಕ್ಕೆ ತುದಿ ಬೇಕಿಲ್ಲ. ಹಾಗಾದರೆ ಡಿಎನ್‌ಎ ನಕಲಿಗೆ ಹೆಪ್ಪು ಹಾಕೋದು ಅದೇನಾ?

ಪರೀಕ್ಷೆಗೆ ಬಳಸಿದ್ದು ರಿಫಾಂಪಿಸಿನ್. ಟಿಬಿ ಕಾಯಿಲೆಗೆ ಕೊಡುವ, ಮೂತ್ರವನ್ನು ಕೆಂಪಗೆ ಮಾಡುವ ಅದೇ ಮಾತ್ರೆಯ ಔಷಧಿ. ಅದು ಬ್ಯಾಕ್ಟೀರಿಯಾದ ಆರ್‌ಎನ್‌ಎ ಕಿಣ್ವವನ್ನು ಕಟ್ಟಿಹಾಕುತ್ತೆ, ಡಿಎನ್‌ಎ ಪಾಲಿಮರೇಸನ್ನು ಮುಟ್ಟೋದಿಲ್ಲ. ಔಷಧಿ ಹಾಕಿದಾಗ ಎಂ13ರ ಡಿಎನ್‌ಎ ನಕಲು ಶುರುವೇ ಆಗಲಿಲ್ಲ. ರಿಫಾಂಪಿಸಿನ್‌ಗೆ ಬಗ್ಗದ ಆರ್‌ಎನ್‌ಎ ಕಿಣ್ವ ಇರುವ ಬ್ಯಾಕ್ಟೀರಿಯಾದಲ್ಲಿ ಮಾತ್ರ ಔಷಧಿ ಇದ್ದರೂ ಶುರುವಾಯಿತು. ಅಲ್ಲಿಗೆ ಉತ್ತರ ಸಿಕ್ಕಿತು. ಕೋಶದ ಕಿಣ್ವ ಮೊದಲು ಒಂದು ಗಿಡ್ಡ ಆರ್‌ಎನ್‌ಎ ತುಂಡು ಹಾಕುತ್ತೆ, ಆ ತುದಿಗೆ ಡಿಎನ್‌ಎ ಪಾಲಿಮರೇಸ್ ಬಂದು ಅಂಟಿಕೊಳ್ಳುತ್ತೆ. ಪ್ರೈಮರ್ ಅನ್ನೋದು ಇದೇ, ನಮ್ಮ ಮಾತಿನಲ್ಲಿ ಹೆಪ್ಪು.

ಎರಡನೆಯದು ಹಳೇ ಗೆಳೆಯ ಫೈ-ಎಕ್ಸ್ 174. ಅದಕ್ಕೆ ರಿಫಾಂಪಿಸಿನ್ ಏನೂ ಮಾಡಲಿಲ್ಲ. ಅಂದರೆ ಕೋಶದಲ್ಲಿ ಹೆಪ್ಪು ಹಾಕುವ ಇನ್ನೊಂದು ದಾರಿ ಇದೆ ಅಂತಾಯಿತು. ಅದರ ಬೆನ್ನು ಹತ್ತಿದಾಗ ಒಂದಲ್ಲ ಎರಡಲ್ಲ, ಒಂದು ತಂಡವೇ ಸಿಕ್ಕಿತು. ಉಂಗುರದ ಮೇಲೆ ಒಂದು ನಿರ್ದಿಷ್ಟ ಜಾಗವನ್ನು ಗುರುತಿಸುವ ಪ್ರೋಟೀನ್, ಎಳೆ ಬಿಚ್ಚುತ್ತಾ ಓಡುವ ಹೆಲಿಕೇಸ್, ಅದನ್ನು ತಂದು ಕೂರಿಸುವ ಸಹಾಯಕ, ಆರ್‌ಎನ್‌ಎ ಹೆಪ್ಪು ಹಾಕುವ ಪ್ರೈಮೇಸ್. ಈ ತಂಡಕ್ಕೆ ಪ್ರೈಮೋಸೋಮ್ ಅಂತ ಹೆಸರಾಯಿತು. ಇವರ ಜೊತೆಗೆ, ಬಿಚ್ಚಿದ ಎಳೆ ಮತ್ತೆ ಸುತ್ತಿಕೊಳ್ಳದಂತೆ ಹೊದಿಕೆಯಾಗಿ ನಿಲ್ಲುವ ಪ್ರೋಟೀನ್ ಬೇರೆ. ಎಲ್ಲವೂ ಆತಿಥೇಯ ಕೋಶದ್ದೇ, ಇಲ್ಲಿಯವರೆಗೆ ವೈರಸ್ ತನ್ನದು ಅಂತ ಒಂದು ಪ್ರೋಟೀನೂ ಕೊಟ್ಟಿಲ್ಲ.

ಜೋಡಿ ಎಳೆ ತಯಾರಾದ ಮೇಲೆ ಅದರಿಂದ ಹತ್ತಾರು ನಕಲು ಬೇಕು. ಆಗ ವೈರಸ್ ತನ್ನ ಒಂದೇ ಒಂದು ಕೀಲಿಕೈ ತೆಗೆಯುತ್ತೆ. ಅದರ ಹೆಸರು ಎ ಪ್ರೋಟೀನ್. 1976ರಲ್ಲಿ ಐಸೆನ್‌ಬರ್ಗ್ ಮತ್ತು ಸ್ಕಾಟ್ ಅವರ ಜೊತೆ ಕಾರ್ನ್‌ಬರ್ಗ್ ಈ ಇಡೀ ಆಟವನ್ನು ಪ್ರನಾಳದಲ್ಲಿ ಆಡಿಸಿ ತೋರಿಸಿದರು. ಎ ಪ್ರೋಟೀನ್ ಜೋಡಿ ಎಳೆಯಲ್ಲಿ ಒಂದನ್ನು ಮಾತ್ರ, ಒಂದೇ ಜಾಗದಲ್ಲಿ ಕತ್ತರಿಸಿ, ಒಂದು ತುದಿಗೆ ತಾನೇ ಅಂಟಿಕೊಂಡು ಕೂರುತ್ತೆ. ಇನ್ನೊಂದು ತುದಿ ಖಾಲಿ. ಪಾಲಿಮರೇಸಿಗೆ ಬೇಕಾದದ್ದು ಖಾಲಿ ತುದಿ ತಾನೇ? ಇಲ್ಲಿ ಆರ್‌ಎನ್‌ಎ ಕೂಡ ಬೇಡ, ಕತ್ತರಿಸಿದ ತುದಿಯೇ ಹೆಪ್ಪು! ಆಮೇಲೆ ಕೋಶದ ರೆಪ್ ಎಂಬ ಹೆಲಿಕೇಸ್ ಬಂದು ವೈರಸ್ಸಿನ ಎ ಪ್ರೋಟೀನ್ ಜೊತೆಗೂಡಿ ಎಳೆ ಬಿಚ್ಚುತ್ತೆ, ಕೋಶದ ಮೂರನೇ ಪಾಲಿಮರೇಸ್ ಹಿಂದೆಯೇ ಹೊಸ ಎಳೆ ಹೆಣೆಯುತ್ತೆ. ಒಂದು ಸುತ್ತು ಮುಗಿದಾಗ ಎ ಪ್ರೋಟೀನ್ ಮತ್ತೆ ಕತ್ತರಿಸಿ, ಬಿಡುಗಡೆಯಾದ ಎಳೆಯ ಎರಡೂ ತುದಿಗಳನ್ನು ಕೂಡಿಸಿ ಉಂಗುರ ಮಾಡಿಬಿಡುತ್ತೆ.

ಇದರಲ್ಲಿ ಯಾರೊಬ್ಬರೂ ಸಾಲೋದಿಲ್ಲ. ಎ ಪ್ರೋಟೀನ್ ಇಲ್ಲದಿದ್ದರೆ ರೆಪ್‌ಗೆ ಒಳಗೆ ಹೋಗೋಕೆ ದಾರಿ ಇಲ್ಲ, ರೆಪ್ ಇಲ್ಲದಿದ್ದರೆ ಎ ಪ್ರೋಟೀನ್ ಕತ್ತರಿಸಿ ಸುಮ್ಮನೆ ಕೂರಬೇಕು. ವೈರಸ್ಸಿನದು ಎಲ್ಲಿ ಮತ್ತು ಯಾವಾಗ ಅನ್ನೋ ನಿರ್ಧಾರ, ಕೋಶದ್ದು ಸಾಮಾನು ಮತ್ತು ಶ್ರಮ.

ಒಂದನೇ ನಂಬರಿನ ಮರ್ಯಾದೆ

ಹೆಪ್ಪು ಆರ್‌ಎನ್‌ಎ ಅಂತ ಗೊತ್ತಾದ ಮೇಲೆ ಹೊಸ ಪ್ರಶ್ನೆ ಬಂತು. ನಕಲು ಮುಗಿದ ಮೇಲೆ ಡಿಎನ್‌ಎ ಎಳೆಯಲ್ಲಿ ಅಲ್ಲಲ್ಲಿ ಆರ್‌ಎನ್‌ಎ ತುಂಡು ಉಳಿಯಬಾರದಲ್ಲ? ಅದನ್ನು ತೆಗೆದು ಆ ಜಾಗದಲ್ಲಿ ಡಿಎನ್‌ಎ ತುಂಬೋರು ಯಾರು? ಎಲ್ಲರೂ ಕೈಬಿಟ್ಟಿದ್ದ ಒಂದನೇ ಪಾಲಿಮರೇಸ್! ಅದಕ್ಕೆ ಮುಂದಿರುವ ತುಂಡನ್ನು ಕಡಿಯುತ್ತಾ ಹಿಂದಿನಿಂದ ತುಂಬುತ್ತಾ ಹೋಗುವ ಗುಣವಿದೆ. ಕೇರ್ನ್ಸ್ ತಳಿಯಲ್ಲೂ ಕಡಿಯುವ ಆ ಗುಣ ಉಳಿದೇ ಇತ್ತು. ಅತಿನೇರಳೆ ಬೆಳಕಿನ ಏಟು ಸರಿಪಡಿಸೋದೂ ಇದರ ಕೆಲಸವೇ. ಕಾರ್ನ್‌ಬರ್ಗ್ ಅವರ ಕಿಣ್ವ ಮುಖ್ಯ ಗೌಂಡಿ ಅಲ್ಲ ಖರೆ, ಆದರೆ ಅದು ಬಂದು ಸಂದು ತುಂಬದಿದ್ದರೆ ಕಟ್ಟಡ ನಿಲ್ಲೋದಿಲ್ಲ.

ವೈರಸ್‌ಗಳಿಂದ ಕಲಿತ ಪಟ್ಟಿ ಹಿಡಿದು 1981ರಲ್ಲಿ ಅವರ ತಂಡ ಕೊನೆಗೂ ಇ. ಕೊಲೈಯ ಸ್ವಂತ ಡಿಎನ್‌ಎ ಶುರುವಾಗುವ ಜಾಗದಿಂದಲೇ ಪ್ರನಾಳದಲ್ಲಿ ನಕಲು ಶುರು ಮಾಡಿಸಿತು. ಸುಮಾರು 245 ಅಕ್ಷರ ಜೋಡಿಗಳ ಜಾಗ ಅದು. ಡಿಎನ್‌ಎ-ಎ ಎಂಬ ಪ್ರೋಟೀನ್ ಅಲ್ಲಿ ಕೂತು ಎಳೆ ಸ್ವಲ್ಪ ಬಿಡಿಸುತ್ತೆ, ಡಿಎನ್‌ಎ-ಸಿ ಎಂಬುದು ಡಿಎನ್‌ಎ-ಬಿ ಹೆಲಿಕೇಸನ್ನು ತಂದು ಕೂರಿಸುತ್ತೆ, ಆಮೇಲೆ ಉಳಿದವರು.

ಲ್ಯಾಂಬ್ಡಾ ಎಂಬ ಇನ್ನೊಂದು ವೈರಸ್ ಇದೇ ಜಾಗಕ್ಕೆ ಕೈ ಹಾಕುತ್ತೆ ಅಂತ ಬೇರೆ ಪ್ರಯೋಗಾಲಯಗಳು ತೋರಿಸಿದವು. ಅದರ ಓ ಪ್ರೋಟೀನ್ ವೈರಸ್ ಡಿಎನ್‌ಎಯ ಮೇಲೆ ಕೂರುತ್ತೆ, ಪಿ ಪ್ರೋಟೀನ್ ಹೋಗಿ ಕೋಶದ ಡಿಎನ್‌ಎ-ಬಿಯನ್ನು ಡಿಎನ್‌ಎ-ಸಿಯ ಕೈಯಿಂದ ಕಿತ್ತು ತನ್ನ ಕಡೆಗೆ ಎಳೆದು ತರುತ್ತೆ. ಆದರೆ ಪಿ ಹಿಡಿದ ಹಿಡಿ ಎಷ್ಟು ಬಿಗಿ ಅಂದರೆ ಹೆಲಿಕೇಸ್ ಓಡೋಕೇ ಆಗಲ್ಲ. ಆ ಹಿಡಿ ಸಡಿಲಿಸೋಕೆ ಮತ್ತೆ ಕೋಶದ್ದೇ ಮೂರು ಸಹಾಯಕ ಪ್ರೋಟೀನ್‌ಗಳು ಬರಬೇಕು.

ನಮ್ಮಂಥ ಪ್ರಾಣಿಗಳ ವೈರಸ್‌ಗಳೂ ಇದೇ ಜಾಡಿನವು. ಮಂಗಗಳ ಎಸ್‌ವಿ40 ವೈರಸ್ಸಿನ ಟಿ ಪ್ರೋಟೀನ್ ಒಂದೇ ಎರಡು ಕೆಲಸ ಮಾಡುತ್ತೆ, ಶುರುವಿನ ಜಾಗ ಗುರುತಿಸಿ ತಾನೇ ಎಳೆ ಬಿಚ್ಚುತ್ತೆ. ಮಿಕ್ಕಿದ್ದಕ್ಕೆ ಆತಿಥೇಯ ಕೋಶದ ಪಾಲಿಮರೇಸ್, ಪ್ರೈಮೇಸ್‌ಗಳನ್ನು ಹಿಡಿದು ತರುತ್ತೆ. 1984ರಲ್ಲಿ ಥಾಮಸ್ ಕೆಲ್ಲಿ ಮತ್ತು ಅವರ ಸಹೋದ್ಯೋಗಿ ಇದನ್ನು ಪ್ರನಾಳದಲ್ಲಿ ಮಾಡಿ ತೋರಿಸಿದ ಮೇಲೆ ನಮ್ಮ ಕೋಶಗಳ ನಕಲು ಯಂತ್ರದ ಭಾಗಗಳು ಒಂದೊಂದಾಗಿ ಸಿಗತೊಡಗಿದವು. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್‌ಪಿವಿ ವೈರಸ್ಸಿನಲ್ಲಿ ಇ2 ಪ್ರೋಟೀನ್ ಇ1 ಎಂಬ ಹೆಲಿಕೇಸನ್ನು ಶುರುವಿನ ಜಾಗಕ್ಕೆ ಕರೆತರುತ್ತೆ, ಉಳಿದ ಸಾಮಾನೆಲ್ಲ ನಮ್ಮ ಕೋಶದ್ದು. ಇಂಥ ವೈರಸ್ಸಿಗೆ ಔಷಧಿ ಹುಡುಕೋದು ಯಾಕೆ ಕಷ್ಟ ಅಂತ ಈಗ ಗೊತ್ತಾಗುತ್ತೆ. ಅದರ ಸಾಮಾನು ನಿಲ್ಲಿಸಿದರೆ ನಮ್ಮದೇ ನಿಂತುಹೋಗುತ್ತೆ. ಕತ್ತರಿ ಬೀಳಬೇಕಾದ ಜಾಗ ವೈರಸ್ ಪ್ರೋಟೀನ್ ಮತ್ತು ನಮ್ಮ ಪ್ರೋಟೀನ್ ಕೈಕುಲುಕುವ ಜಾಗ.

ಕೊನೆಯವರೆಗೂ ಪ್ರಯೋಗಾಲಯ

ಸಿಲ್ವಿ 1986ರಲ್ಲಿ ತೀರಿಕೊಂಡರು. ಆರ್ಥರ್ ತಮ್ಮ ಆತ್ಮಕಥೆಯನ್ನು 1989ರಲ್ಲಿ ಪ್ರಕಟಿಸಿದರು. ಡಿಎನ್‌ಎ ನಕಲಿನ ಬಗ್ಗೆ ಅವರು ಬರೆದ ಪಠ್ಯಪುಸ್ತಕದ ಕೊನೆಯ ಆವೃತ್ತಿ, ಟಾನಿಯಾ ಬೇಕರ್ ಅವರ ಜೊತೆ, 1992ರಲ್ಲಿ ಬಂತು. ಎಪ್ಪತ್ತು ದಾಟಿದ ಮೇಲೆ ಅವರು ಡಿಎನ್‌ಎ ಬಿಟ್ಟು, ಯಾರೂ ಹೆಚ್ಚು ಗಮನಿಸದಿದ್ದ ಪಾಲಿಫಾಸ್ಫೇಟ್ ಎಂಬ ವಸ್ತುವಿನ ಹಿಂದೆ ಹೋದರು. ಹಿರಿಯ ಮಗ ರೋಜರ್ 2006ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದರು, ಡಿಎನ್‌ಎಯಿಂದ ಆರ್‌ಎನ್‌ಎ ಬರೆಯುವ ಯಂತ್ರದ ಕೆಲಸಕ್ಕೆ. ಥಾಮಸ್ ಜೀವವಿಜ್ಞಾನಿಯಾಗಿ ಉಳಿದರು. ಕಿರಿಯ ಮಗ ಕೆನೆತ್ ವಾಸ್ತುಶಿಲ್ಪಿ, ಪ್ರಯೋಗಾಲಯಗಳ ಕಟ್ಟಡ ವಿನ್ಯಾಸ ಮಾಡುವವರು. 2007ರಲ್ಲಿ ಮಕ್ಕಳಿಗಾಗಿ ಸೂಕ್ಷ್ಮಜೀವಿಗಳ ಬಗ್ಗೆ ಆರ್ಥರ್ ಬರೆದ ಪದ್ಯಗಳ ಪುಸ್ತಕ ಬಂತು. ಅದೇ ವರ್ಷ ಅಕ್ಟೋಬರ್ 26ರಂದು, 89ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿ ಹಲವರು ಆಗ ಕೈಗೂಸುಗಳು, ಕೆಲವರು ಹುಟ್ಟೇ ಇರಲಿಲ್ಲ.

ಅವರ ಕಿಣ್ವ ಮಾತ್ರ ನಮ್ಮ ಕಾಲದವರೆಗೂ ಬಂದಿದೆ. 1977ರಲ್ಲಿ ಸ್ಯಾಂಗರ್ ಡಿಎನ್‌ಎ ಓದುವ ವಿಧಾನ ಕಂಡುಹಿಡಿದಾಗ ಬಳಸಿದ್ದು ಒಂದನೇ ಪಾಲಿಮರೇಸಿನ ಒಂದು ತುಂಡನ್ನು. 1980ರ ದಶಕದಲ್ಲಿ ಪಿಸಿಆರ್ ಶುರುವಾದಾಗಲೂ ಮೊದಲು ಬಳಸಿದ್ದು ಅದನ್ನೇ, ಬಿಸಿ ತಡೆಯುವ ಬೇರೆ ಕಿಣ್ವ ಬಂದದ್ದು ಆಮೇಲೆ. ಕೊರೋನಾ ಕಾಲದಲ್ಲಿ ನಮ್ಮ ಮೂಗಿನಿಂದ ತೆಗೆದ ಸ್ವಾಬ್ ಆರ್‌ಟಿ-ಪಿಸಿಆರ್ ಯಂತ್ರಕ್ಕೆ ಹೋದಾಗ ಅದರೊಳಗೆ ಏನಾಯಿತು ಅಂತೀರಿ? ವೈರಸ್ಸಿನ ಜೀನಿಗೆ ಮಾತ್ರ ಹೊಂದುವ ಪ್ರೈಮರ್ ತುಂಡುಗಳನ್ನು ಹಾಕಿದ್ದರು. ವೈರಸ್ ಇದ್ದರೆ ಪ್ರೈಮರ್ ಅಂಟಿಕೊಂಡು ನಕಲು ಶುರುವಾಗುತ್ತೆ, ರಿಪೋರ್ಟ್ ಪಾಸಿಟಿವ್. ಇಲ್ಲದಿದ್ದರೆ ಪಾಲಿಮರೇಸ್ ತುದಿಯಿಲ್ಲದೆ ಸುಮ್ಮನೆ ಕೂರುತ್ತೆ, ರಿಪೋರ್ಟ್ ನೆಗೆಟಿವ್. ಪಾಲಿಮರೇಸಿಗೆ ತಾನಾಗಿ ಶುರು ಮಾಡೋಕೆ ಬರುತ್ತಿದ್ದರೆ ಈ ಪರೀಕ್ಷೆಯೇ ಸಾಧ್ಯವಿರುತ್ತಿರಲಿಲ್ಲ, ಸಿಕ್ಕಸಿಕ್ಕ ಡಿಎನ್‌ಎಯೆಲ್ಲ ನಕಲಾಗಿ ಎಲ್ಲರದ್ದೂ ಪಾಸಿಟಿವ್ ಬರುತ್ತಿತ್ತು.

ಸೆಮಿಸ್ಟರ್ ಪ್ರಾಜೆಕ್ಟ್ ಅರ್ಧಕ್ಕೆ ನಿಂತಾಗ, ಗೈಡ್ ಎದುರಿಗೆ ನಮ್ಮ ಸರ್ಕ್ಯೂಟ್ ಓಡದಿದ್ದಾಗ ನಾವು ಮಾಡೋದು ಸಾಮಾನ್ಯವಾಗಿ ಎರಡೇ, ಒಂದೋ ವಾದ, ಇಲ್ಲಾ ವಿಷಯ ಬದಲಾವಣೆ. 1969ರಲ್ಲಿ ಕಾರ್ನ್‌ಬರ್ಗ್ ಅವರ ಮುಂದೆ ಎರಡೂ ದಾರಿ ಇದ್ದವು, ನೊಬೆಲ್ ಇದ್ದವರನ್ನು ಕೇಳೋರು ಯಾರು? ಅವರು ತಮ್ಮ ಕಿಣ್ವಕ್ಕೆ ಏನು ಬರೋದಿಲ್ಲ ಅನ್ನೋದನ್ನೇ ಮುಂದಿನ ಪ್ರಶ್ನೆ ಮಾಡಿಕೊಂಡರು, ಮತ್ತೆ ಕೋಶ ಒಡೆದು ರಸ ಸೋಸೋಕೆ ಕೂತರು. ಪಠ್ಯಪುಸ್ತಕದಲ್ಲಿ ಪ್ರೈಮರ್ ಅನ್ನೋ ಪದ ಬಂದಾಗ ಅದರ ಹಿಂದೆ ಆ ಹತ್ತು ಹನ್ನೆರಡು ವರ್ಷಗಳ ಕೆಲಸ ಇದೆ.